20 ಅಡಿಯ ದೋಣಿಯನ್ನು ಚಳಿಗಾಲಕ್ಕೆ ಅಣಿಗೊಳಿಸಲು 1,150 ಡಾಲರ್ ಕೇಳುತ್ತಿದ್ದಾರೆ, ಇದು ನ್ಯಾಯವೇ?

ಅಮೆರಿಕದ ಮಿನ್ನಿಯಾಪೊಲಿಸ್‌ಗೆ ಬಂದು ಇದು ನಿಮ್ಮ ಮೊದಲ ವರ್ಷ. ಬೇಸಿಗೆಯಲ್ಲಿ 4.3 ಲೀಟರ್ ವಿ-6 ಸ್ಟರ್ನ್‌ಡ್ರೈವ್ ಎಂಜಿನ್ (ಎಂಜಿನ್ ದೋಣಿಯೊಳಗೆ, ಪ್ರೊಪೆಲರ್ ತಿರುಗಿಸುವ ಡ್ರೈವ್ ಹಿಂಬದಿಯಲ್ಲಿ ಹೊರಗೆ) ಇರುವ 20 ಅಡಿಯ ಹಳೆಯ ಮೋಟಾರು ದೋಣಿಯೊಂದನ್ನು ಕೊಂಡಿದ್ದೀರಿ. ಈಗ ಅದನ್ನು ವಿಂಟರೈಸ್ ಮಾಡಲು ಮರೀನಾದವರು (ದೋಣಿ ನಿಲ್ಲಿಸುವ, ದುರಸ್ತಿ ಮಾಡುವ ಕಟ್ಟೆಯವರು) 1,150 ಡಾಲರ್‌ಗಳ ಅಂದಾಜುಪಟ್ಟಿ ಕೊಟ್ಟಿದ್ದಾರೆ. ಅದು ಹೆಚ್ಚಾಯಿತೇ, ಕೆಲಸವನ್ನು ನೀವೇ ಮಾಡಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಈ ಊರಿನ ಸುತ್ತಮುತ್ತ ಹತ್ತು ವರ್ಷಗಳಿಂದ ಇಂಥದ್ದೇ ದೋಣಿ ಇಟ್ಟುಕೊಂಡಿರುವವನಾಗಿ ಹೇಳುವುದಾದರೆ, ನಿಮಗೆ ಯಾರೂ ಮೋಸ ಮಾಡುತ್ತಿಲ್ಲ. ಆದರೆ ಆ ಪಟ್ಟಿಯಲ್ಲಿ ಒಂದೇ ಒಂದು ಸಾಲು ಮಾತ್ರ ಅನಿವಾರ್ಯವಾದದ್ದು, ಉಳಿದವುಗಳ ಮೇಲೆ ನೀವು ಧಾರಾಳವಾಗಿ ಚೌಕಾಸಿ ಮಾಡಬಹುದು.

ಆ ಒಂದು ಸಾಲು 380 ಡಾಲರ್‌ಗಳದ್ದು: ಎಂಜಿನ್‌ನಿಂದ ನೀರನ್ನು ಹೊರತೆಗೆದು ಆಂಟಿಫ್ರೀಜ್ (ಚಳಿಗೆ ಹೆಪ್ಪುಗಟ್ಟದ ದ್ರವ) ತುಂಬಿಸುವುದು. ನಿಮ್ಮ ಎಂಜಿನ್ ಮೂಲತಃ ಜನರಲ್ ಮೋಟಾರ್ಸ್‌ನ ಟ್ರಕ್ಕುಗಳಲ್ಲಿದ್ದ ಎಂಜಿನ್ನೇ. ವ್ಯತ್ಯಾಸವೆಂದರೆ, ಟ್ರಕ್ಕಿನಲ್ಲಿ ತಂಪುಗೊಳಿಸುವ ದ್ರವವು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ದೋಣಿಯಲ್ಲಾದರೋ ಎಂಜಿನ್ ತಾನು ತೇಲುತ್ತಿರುವ ಸರೋವರದ ನೀರನ್ನೇ ಹೀರಿ, ತನ್ನ ಎರಕದ ಕಬ್ಬಿಣದ ಒಡಲಾದ ಬ್ಲಾಕ್‌ನೊಳಗೆಲ್ಲ ಹರಿಸಿ, ಹೊಗೆಯೊಂದಿಗೆ ಹೊರಗೆ ಚೆಲ್ಲುತ್ತದೆ. ಎಂಜಿನ್ ನಿಲ್ಲಿಸಿದ ಮೇಲೆ ಆ ನೀರಿನಲ್ಲಿ ಹಲವು ಲೀಟರ್‌ಗಳಷ್ಟು ಒಳಗೇ ಉಳಿಯುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಎರಕದ ಕಬ್ಬಿಣ ಹಿಗ್ಗಲಾರದೆ ಸೀಳುತ್ತದೆ. ಬ್ಲಾಕ್‌ನ ಪಕ್ಕದಲ್ಲಿರುವ ದುಂಡು ಮುಚ್ಚಳಗಳು ಹೆಪ್ಪುಗಟ್ಟಿದಾಗ ತಾವಾಗಿಯೇ ಹಾರಿಹೋಗಿ ಎಂಜಿನ್ ಉಳಿಸುತ್ತವೆ ಎಂದು ಹೇಳುವವರು ನಿಮಗೆ ಸಿಗುತ್ತಾರೆ. ನಂಬಬೇಡಿ, ಅವು ಎರಕ ಹೊಯ್ಯುವಾಗ ಬಿಟ್ಟ ರಂಧ್ರಗಳನ್ನು ಮುಚ್ಚಲು ಇರುವಂಥವು, ಕಾವಲಿಗೆ ಇರುವಂಥವಲ್ಲ.

ನೀವೇ ಮಾಡಿಕೊಳ್ಳಬಹುದೇ ಎಂಬ ಪ್ರಶ್ನೆಗೆ ನನ್ನ ಕಥೆಯನ್ನೇ ಹೇಳುತ್ತೇನೆ. ದೋಣಿ ಕೊಂಡ ಎರಡನೆಯ ವರ್ಷ, ಮುನ್ನೂರು ಚಿಲ್ಲರೆ ಡಾಲರ್ ಉಳಿಸುವ ಹುಮ್ಮಸ್ಸಿನಲ್ಲಿ, ಬ್ಲಾಕ್‌ನ ಎರಡೂ ಬದಿಯ ತಿರುಪುಗಳನ್ನು ನಾನೇ ಬಿಚ್ಚಿದೆ. ಎಡಬದಿಯಿಂದ ನೀರು ಧಾರೆಯಾಗಿ ಸುರಿಯಿತು. ಬಲಬದಿಯಿಂದ ನಾಲ್ಕು ಹನಿ ಬಿದ್ದು ನಿಂತಿತು. ಒಳಗೆ ಎರಡೂ ಕಡೆಗೆ ಸಂಪರ್ಕವಿದ್ದು ನೀರೆಲ್ಲ ಎಡದಿಂದಲೇ ಹೋಗಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ತಿರುಪು ಹಾಕಿಬಿಟ್ಟೆ. ನಿಜದಲ್ಲಿ ಆಗಿದ್ದೇನೆಂದರೆ, ತುಕ್ಕಿನ ಚಕ್ಕೆಗಳೂ ಸರೋವರದ ಮರಳೂ ಸೇರಿ ಬಲಬದಿಯ ರಂಧ್ರವನ್ನು ಒಳಗಿನಿಂದ ಮುಚ್ಚಿದ್ದವು, ಅವುಗಳ ಹಿಂದೆ ನೀರು ಹಾಗೆಯೇ ನಿಂತಿತ್ತು. ಮೇ ತಿಂಗಳಲ್ಲಿ ಎಂಜಿನ್ ಆಯಿಲ್ ನೋಡಲು ಕಡ್ಡಿ ಎಳೆದರೆ ಅದಕ್ಕೆ ಅಂಟಿಕೊಂಡಿದ್ದದ್ದು ಹಾಲು ಬೆರೆಸಿದ ಕಾಫಿಯಂಥ ದ್ರವ. ಬ್ಲಾಕ್ ಸೀಳಿ ಆಯಿಲ್‌ಗೆ ನೀರು ಬೆರೆತಿತ್ತು. ಮರುನಿರ್ಮಿತ ಎಂಜಿನ್, ಕೂಲಿ ಎಲ್ಲ ಸೇರಿ ಏಳು ಸಾವಿರ ಡಾಲರ್ ಹತ್ತಿರ ಹೋಯಿತು. ಮಾಡಬೇಕಾಗಿದ್ದ ಕೆಲಸ ಇಷ್ಟೇ: ಒಂದು ಗಟ್ಟಿ ತಂತಿಯನ್ನು ರಂಧ್ರದೊಳಗೆ ಹಾಕಿ ನೀರು ಹರಿಯುವವರೆಗೆ ಕೆದಕುವುದು.

ಆದ್ದರಿಂದ ನೀವು ಕಾಸು ಕೊಡುತ್ತಿರುವುದು ಗುಲಾಬಿ ಬಣ್ಣದ ಆಂಟಿಫ್ರೀಜ್‌ಗಲ್ಲ. ಅದು ಯಾವ ಅಂಗಡಿಯಲ್ಲಾದರೂ ಗ್ಯಾಲನ್‌ಗೆ ಐದಾರು ಡಾಲರ್‌ಗೆ ಸಿಗುತ್ತದೆ, ನಿಮ್ಮ ಎಂಜಿನ್‌ಗೆ ಐದಾರು ಗ್ಯಾಲನ್ ಸಾಕು. ಕಾಸು ಕೊಡುತ್ತಿರುವುದು ನಾಲ್ಕು ಹನಿ ಬಿದ್ದು ನಿಂತಾಗ ಅನುಮಾನ ಪಡುವ ಕಣ್ಣಿಗೆ. ಎಲ್ಲ ಮೆಕ್ಯಾನಿಕ್‌ಗಳಿಗೂ ಆ ಕಣ್ಣಿರುತ್ತದೆ ಎಂದೇನೂ ಇಲ್ಲ, ಆದಕಾರಣ ಒಂದು ಪ್ರಶ್ನೆಯನ್ನು ಕೇಳಿಯೇ ಕೇಳಿ: ಮೊದಲು ನೀರನ್ನು ಪೂರ್ತಿ ಇಳಿಸಿ ಆಮೇಲೆ ಆಂಟಿಫ್ರೀಜ್ ತುಂಬಿಸುತ್ತೀರೋ, ಅಥವಾ ಎಂಜಿನ್ ಓಡಿಸುತ್ತ ಅದನ್ನು ನೇರವಾಗಿ ಹೀರಿಸಿಬಿಡುತ್ತೀರೋ? ಎರಡನೆಯದು ಬೇಗ ಮುಗಿಯುವ ವಿಧಾನ. ಎಂಜಿನ್ ಸಾಕಷ್ಟು ಬಿಸಿಯಾಗದೆ ಥರ್ಮೋಸ್ಟಾಟ್ (ಬಿಸಿಯಾದಾಗ ಮಾತ್ರ ತೆರೆಯುವ ಕವಾಟ) ಮುಚ್ಚಿಯೇ ಇದ್ದರೆ, ಹೊರಗೆ ಗುಲಾಬಿ ಬಣ್ಣ ಕಾಣಿಸಿದರೂ ಬ್ಲಾಕ್‌ನೊಳಗೆ ಹಳೆಯ ನೀರೇ ಉಳಿದಿರಬಹುದು. ನೀರು ಬೆರೆತು ತೆಳುವಾದ ಆಂಟಿಫ್ರೀಜ್‌ಗೆ ಡಬ್ಬಿಯ ಮೇಲೆ ಬರೆದ ಮೈನಸ್ 50 ಫ್ಯಾರನ್‌ಹೀಟ್‌ನ ಭರವಸೆ ಅನ್ವಯಿಸುವುದಿಲ್ಲ. 2019ರ ಜನವರಿ 30ರಂದು ಇದೇ ಊರಿನಲ್ಲಿ ಮೈನಸ್ 28 ಫ್ಯಾರನ್‌ಹೀಟ್, ಅಂದರೆ ಮೈನಸ್ 33 ಸೆಲ್ಸಿಯಸ್ ದಾಖಲಾಗಿತ್ತು ಎಂಬುದನ್ನು ನೆನಪಿಡಿ. ಮೊದಲು ಇಳಿಸಿ ಆಮೇಲೆ ತುಂಬಿಸುತ್ತೇವೆ ಎಂದರೆ 380 ಡಾಲರ್ ಕೊಡಲು ಹಿಂಜರಿಯಬೇಡಿ. ಇಲ್ಲಿ ಸ್ಟರ್ನ್‌ಡ್ರೈವ್‌ಗಳಿಗೆ ನಾನು ಕೇಳಿರುವ ದರಗಳು 300ರಿಂದ 500ರ ನಡುವೆಯೇ ಇವೆ.

ಇನ್ನು ಗೇರ್ ಆಯಿಲ್ ಬದಲಾವಣೆಗೆ ಹಾಕಿರುವ 95 ಡಾಲರ್. ಇದನ್ನೂ ಬಿಡಬೇಡಿ ಎನ್ನುತ್ತೇನೆ. ಡ್ರೈವ್‌ನ ಕೆಳಭಾಗದಲ್ಲಿ ಮೀನಿನ ಗಾಳದ ದಾರ ಸುತ್ತಿಕೊಂಡು ಸೀಲ್ ಹರಿದಿದ್ದರೆ ಒಳಗೆ ನೀರು ಸೇರಿರುತ್ತದೆ, ಆಯಿಲ್ ಬೆಳ್ಳಗಾಗಿರುತ್ತದೆ, ಚಳಿಯಲ್ಲಿ ಆ ನೀರು ಅಲ್ಯೂಮಿನಿಯಂ ಕವಚವನ್ನು ಸೀಳುತ್ತದೆ. ಆಯಿಲ್ ಹೊರಬರುವಾಗ ಅದರ ಬಣ್ಣವೇನು ಎಂದು ತಿಳಿಯುವುದೇ ಈ ಕೆಲಸದ ಮುಖ್ಯ ಲಾಭ. ಬಣ್ಣ ಹೇಗಿತ್ತು ಎಂದು ಅವರನ್ನು ಕೇಳಿ.

ಎಂಜಿನ್ ಆಯಿಲ್ ಮತ್ತು ಫಿಲ್ಟರ್‌ಗೆ 150 ಡಾಲರ್ ಎಂದಿದೆ. ಬಳಸಿದ ಆಯಿಲ್‌ನಲ್ಲಿ ಆಮ್ಲವೂ ತೇವವೂ ಸೇರಿರುವುದರಿಂದ, ಅದನ್ನು ವಸಂತದವರೆಗೆ ಒಳಗೆ ಬಿಡುವುದಕ್ಕಿಂತ ಈಗಲೇ ಬದಲಿಸುವುದು ಒಳ್ಳೆಯದು. ಆದರೆ ಈ ಕೆಲಸದಲ್ಲಿ ತಪ್ಪಿದರೆ ಎಂಜಿನ್ ಸೀಳುವುದಿಲ್ಲ. ಕೈಪಂಪು ಕೊಂಡು ನೀವೇ ಮಾಡಿದರೆ ಅರ್ಧ ಹಣ ಉಳಿಯುತ್ತದೆ. ಇಂಧನ ಕೆಡದಂತೆ ಅದಕ್ಕೆ ಸ್ಟೆಬಿಲೈಸರ್ ಬೆರೆಸಿ, ಸಿಲಿಂಡರ್‌ಗಳಿಗೆ ತುಕ್ಕು ತಡೆಯುವ ಫಾಗಿಂಗ್ ಆಯಿಲ್ ಸಿಂಪಡಿಸಲು 45 ಡಾಲರ್ ಸರಿಯಾದ ಬೆಲೆಯೇ. ಬ್ಯಾಟರಿ ಇಟ್ಟುಕೊಳ್ಳಲು ಕೇಳಿರುವ 60 ಡಾಲರ್ ಮಾತ್ರ ಬೇಡ. ಬ್ಯಾಟರಿಯನ್ನು ಬಿಚ್ಚಿ, ಪೂರ್ತಿ ಚಾರ್ಜ್ ಮಾಡಿ ಮನೆಯ ಗ್ಯಾರೇಜ್‌ನಲ್ಲಿಟ್ಟರೆ ಆಯಿತು.

ಶ್ರಿಂಕ್‌ವ್ರ್ಯಾಪ್‌ಗೆ ಅಡಿಗೆ 17 ಡಾಲರ್‌ನಂತೆ 340 ಡಾಲರ್ ಹಾಕಿದ್ದಾರೆ. ದರ ಇಲ್ಲಿನ ರೂಢಿಯದ್ದೇ, ಆದರೆ ಅದು ಬೇಕಾಗುವುದು ದೋಣಿ ಬಯಲಿನಲ್ಲಿ ಹಿಮದ ಅಡಿ ನಿಲ್ಲುವುದಾದರೆ ಮಾತ್ರ. ಇಡೀ ದೋಣಿಗೆ ಬಿಗಿದ ಆ ಬಿಳಿಯ ಪ್ಲಾಸ್ಟಿಕ್ಕನ್ನು ಮೇ ತಿಂಗಳಲ್ಲಿ ಕತ್ತರಿಸಿ ಎಸೆಯಬೇಕು, ಮರುವರ್ಷ ಮತ್ತೆ ಅಷ್ಟೇ ಹಣ. ನಾನು ಊರಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆ ದೂರದ ರೈತರೊಬ್ಬರ ಪೋಲ್ ಬಾರ್ನ್‌ನಲ್ಲಿ (ಕಂಬಗಳ ಮೇಲೆ ಕಟ್ಟಿದ ದೊಡ್ಡ ಕೊಟ್ಟಿಗೆಯಲ್ಲಿ) ದೋಣಿ ಇಡುತ್ತೇನೆ. ಬೆಚ್ಚಗಿರುವುದಿಲ್ಲ, ಆದರೆ ಮೇಲೆ ಸೂರಿದೆ, ಇಡೀ ಚಳಿಗಾಲಕ್ಕೆ 400 ಡಾಲರ್. ನಿಮ್ಮ ಪಟ್ಟಿಯಲ್ಲಿ ದೋಣಿ ಇಡುವ ಬಾಡಿಗೆ ಸೇರಿಯೇ ಇಲ್ಲ, ವಸಂತದಲ್ಲಿ ಮತ್ತೆ ಎಂಜಿನ್ ಸಜ್ಜುಗೊಳಿಸುವ ಖರ್ಚೂ ಇಲ್ಲ. ಅವೆರಡನ್ನೂ ಈಗಲೇ ಕೇಳಿ ಬರೆಸಿಕೊಳ್ಳಿ, ಏಕೆಂದರೆ ದೋಣಿ ಅವರ ಅಂಗಳದಲ್ಲಿ ಹಿಮದಡಿ ಸಿಕ್ಕಿಕೊಂಡ ಮೇಲೆ ಚೌಕಾಸಿಗೆ ಬಲವಿರುವುದಿಲ್ಲ.

ಶ್ರಿಂಕ್‌ವ್ರ್ಯಾಪ್ ಮತ್ತು ಬ್ಯಾಟರಿಯ ಸಾಲುಗಳನ್ನು ತೆಗೆಸಿದರೆ, ಕೊನೆಯಲ್ಲಿ ಇತರೆ ಶುಲ್ಕ ಎಂದು ಹಾಕಿರುವ 80 ಡಾಲರ್ ಕೂಡ ಅದೇ ಪ್ರಮಾಣದಲ್ಲಿ ಇಳಿದು, ಒಟ್ಟು ಮೊತ್ತ ಸುಮಾರು 720 ಡಾಲರ್‌ಗೆ ಬರುತ್ತದೆ. ಆಯಿಲ್ ಕೂಡ ನೀವೇ ಬದಲಿಸುವುದಾದರೆ 560ರ ಆಸುಪಾಸು. ಮನೆಗೇ ಬಂದು ಮಾಡುವ ಮೆಕ್ಯಾನಿಕ್‌ಗಳು ಇದಕ್ಕಿಂತಲೂ ಕಡಿಮೆಗೆ ಒಪ್ಪುತ್ತಾರೆ. ಆದರೆ ಅವರಿಂದಲೂ ದಿನಾಂಕವಿರುವ, ಬ್ಲಾಕ್‌ನ ನೀರು ಇಳಿಸಿ ಆಂಟಿಫ್ರೀಜ್ ತುಂಬಲಾಗಿದೆ ಎಂದು ಸ್ಪಷ್ಟವಾಗಿ ಬರೆದ ರಸೀದಿ ಪಡೆಯಿರಿ. ಹೆಪ್ಪುಗಟ್ಟಿ ಒಡೆದದ್ದಕ್ಕೆ ಪರಿಹಾರವನ್ನೇ ಕೊಡದ ವಿಮಾ ಪಾಲಿಸಿಗಳಿವೆ, ವೃತ್ತಿಪರರಿಂದ ಮಾಡಿಸಿದ ಪುರಾವೆ ಇದ್ದರಷ್ಟೇ ಕೊಡುವ ಪಾಲಿಸಿಗಳೂ ಇವೆ. ನಿಮ್ಮದು ಯಾವ ಬಗೆಯದು ಎಂದು ಓದಿ ನೋಡಿ. ನನ್ನದು ಮೊದಲನೆಯ ಬಗೆಯದಾಗಿತ್ತು.

ನಾನು ಮಲ್ಪೆಯ ಕಡೆಯವನು. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ, ದೋಣಿಗಳಿಗೆ ಮಳೆಗಾಲವೇ ವಿಶ್ರಾಂತಿಯ ಕಾಲ, ದುರಸ್ತಿಯ ಕಾಲ. ಒಂದು ವಾರ ತಡವಾಗಿ ದುರಸ್ತಿ ಶುರು ಮಾಡಿದರೂ ಅಲ್ಲಿ ಎಂಜಿನ್ ಸೀಳುವುದಿಲ್ಲ. ಇಲ್ಲಿ ಹಾಗಲ್ಲ. ಅಕ್ಟೋಬರ್ ಮೊದಲಾರ್ಧದಲ್ಲೇ ಹೆಪ್ಪುಗಟ್ಟುವ ರಾತ್ರಿ ಬರಬಹುದು, ಮತ್ತು ತೇಲುತ್ತಿರುವ ದೋಣಿಗಿಂತ ಟ್ರೇಲರ್ ಮೇಲೆ ನಿಂತ ದೋಣಿಗೇ ಅಪಾಯ ಹೆಚ್ಚು. ಸರೋವರದ ನೀರು ಬೇಸಿಗೆಯ ಬಿಸಿಯನ್ನು ಬಹಳ ದಿನ ಹಿಡಿದಿಟ್ಟುಕೊಂಡು ದೋಣಿಯ ತಳವನ್ನು ಕಾಯುತ್ತದೆ, ಗಾಳಿಗೆ ಆ ಗುಣವಿಲ್ಲ. ಅರ್ಧ ಗಂಟೆ 31 ಡಿಗ್ರಿ ಫ್ಯಾರನ್‌ಹೀಟ್ ತಲುಪಿದ ಮಾತ್ರಕ್ಕೆ ಏನೂ ಆಗುವುದಿಲ್ಲ, ರಾತ್ರಿಯಿಡೀ 20ರ ಆಸುಪಾಸು ನಿಂತರೆ ಆಗುತ್ತದೆ. ಆದ್ದರಿಂದ ದೋಣಿಯನ್ನು ನೀರಿನಿಂದ ಎತ್ತುವ ದಿನವನ್ನೂ ಮೆಕ್ಯಾನಿಕ್‌ನ ದಿನವನ್ನೂ ಹತ್ತಿರ ಹತ್ತಿರ ಇಟ್ಟುಕೊಳ್ಳಿ, ಈ ವಾರವೇ ಫೋನ್ ಮಾಡಿ. ಅಕ್ಟೋಬರ್ ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ಓಡಿಬಂದಾಗ ಸರದಿ ಮೂರು ವಾರ ಹಿಂದಕ್ಕೆ ಹೋದದ್ದನ್ನು ನಾನು ನೋಡಿದ್ದೇನೆ.

ದೋಣಿಯ ಹಿಂಭಾಗದ ತಳದಲ್ಲಿರುವ ಬಿರಡೆಯನ್ನು ಅವರು ಬಿಚ್ಚಿ ಕೊಡುತ್ತಾರೆ, ಮಳೆಯ ನೀರು ಒಳಗೆ ನಿಲ್ಲಬಾರದೆಂದು. ಅದನ್ನು ದೋಣಿಯ ಕೀಲಿಯ ಜೊತೆಗೇ ದಾರದಿಂದ ಕಟ್ಟಿ ಮನೆಯಲ್ಲಿಡಿ. ಮೇ ತಿಂಗಳಲ್ಲಿ ಅದನ್ನು ಹಾಕಲು ಮರೆತು ದೋಣಿಯನ್ನು ನೀರಿಗೆ ಇಳಿಸುವವರು ಪ್ರತಿವರ್ಷವೂ ಇರುತ್ತಾರೆ.