ತೂಗುದೀಪ ಆಮೇಲೆ, ಹಡಗಿನ ಆಳ ಎಷ್ಟು ಹೇಳಿ

ಸಂಪಾದಕರ ಉತ್ತರ

ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಹೊಸ ಸಾಗರ ಲೈನರ್ (ವೇಳಾಪಟ್ಟಿ ತಪ್ಪದೆ ಜನರನ್ನು ಮಹಾಸಾಗರ ದಾಟಿಸುವ ಹಡಗು) ಕಟ್ಟುತ್ತಾರಂತೆ ಎಂಬ ಸುದ್ದಿ ಕೇಳಿದಾಗಲೆಲ್ಲ ಅವರಿಗೆ ಒಂದು ಕಡೆ ಹಿಗ್ಗು, ಇನ್ನೊಂದು ಕಡೆ ಪುಕುಪುಕು. ಅಟ್ಲಾಂಟಿಕ್ ಅನ್ನು ಐದೇ ರಾತ್ರಿಯಲ್ಲಿ ದಾಟಬೇಕು, 1930ರ ದಶಕದ ಹಡಗುಗಳಂತೆ ಮರದ ಗೋಡೆಯ ಸಭಾಂಗಣ ಇರಬೇಕು, ಎಲ್ಲ ಕೋಣೆಗೂ ಬಾಲ್ಕನಿ ಬೇಕು. ಇವು ಅವರ ಆಸೆಗಳು. ಕೊನೆಗೆ ನೀರಿನ ಜಾರುಬಂಡಿ ಹೊತ್ತ ತೇಲುವ ಮಾಲ್ ಆಗಿಬಿಟ್ಟರೆ? ಇಂಧನದ ಹೊಸ ನಿಯಮಗಳು ವೇಗವನ್ನು ಕಿತ್ತುಕೊಂಡರೆ? ಟೈಟಾನಿಕ್ 2ರಂತೆ ಘೋಷಣೆಯಲ್ಲೇ ಉಳಿದರೆ? ಇವು ಆತಂಕಗಳು. ಕೊನೆಯಲ್ಲಿ ನಮಗೊಂದು ಚುಚ್ಚುಮಾತು: "ಕ್ರೂಸ್ ಹಡಗುಗಳ ಮೇಲೆ ನಿಮ್ಮ ಪತ್ರಿಕೆಗೆ ಯಾಕಿಷ್ಟು ಅಸಡ್ಡೆ? ಎರಡೂ ನೀರಿನ ಮೇಲೇ ತೇಲುತ್ತವಲ್ಲ?" ಅದರ ಕೆಳಗೆ ಇನ್ನೊಂದು ಪ್ರಶ್ನೆ: "ಅಂಥ ಹಡಗು ಬಂದರೆ ಯಾವ ಕೋಣೆ ಹಿಡಿಯಲಿ?"

ಚುಚ್ಚುಮಾತಿನಿಂದಲೇ ಶುರು ಮಾಡೋಣ. ಕ್ರೂಸ್ ಹಡಗು ತನ್ನ ಕೆಲಸಕ್ಕೆ ತಕ್ಕ ಹಡಗು, ಒಪ್ಪಿದೆವು. ಬೆಚ್ಚಗಿನ ಕಡಲು, ದಿನಕ್ಕೊಂದು ಬಂದರು, ಕೆಟ್ಟ ಹವೆ ಬಂದರೆ ದಾರಿ ಬದಲಿಸುವ ಸ್ವಾತಂತ್ರ್ಯ, ಕೈಗೆಟುಕುವ ಟಿಕೆಟ್ಟು. ಹೆಚ್ಚಿನವರಿಗೆ ಬೇಕಾದದ್ದೂ ಅದೇ. ಲೈನರ್‌ಗೆ ಆ ಸ್ವಾತಂತ್ರ್ಯ ಇಲ್ಲ. ಜನವರಿಯ ಉತ್ತರ ಅಟ್ಲಾಂಟಿಕ್‌ನಲ್ಲಿ ಹತ್ತು ಮೀಟರ್ ಅಲೆ ಎದುರಾದರೂ ವೇಳಾಪಟ್ಟಿ ಹೇಳಿದ ಬೆಳಿಗ್ಗೆ ಅದು ದಡ ಸೇರಬೇಕು. ಈ ಒಂದೇ ಕರಾರು ಹಡಗಿನ ಮೂತಿಯಿಂದ ಹಿಂಬದಿವರೆಗೆ ಎಲ್ಲವನ್ನೂ ಬದಲಿಸುತ್ತದೆ.

ನಿಮ್ಮ ಪತ್ರದಲ್ಲಿ ಸಭಾಂಗಣದ ತೂಗುದೀಪದ ಬಗ್ಗೆ ಒಂದು ಇಡೀ ಪ್ಯಾರಾ ಇದೆ, ಹಡಗು ನೀರಿನೊಳಗೆ ಎಷ್ಟು ಇಳಿದಿರಬೇಕು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ. ಬೇಸರ ಮಾಡಿಕೊಳ್ಳಬೇಡಿ, ನಿಮ್ಮಂಥ ಕಡಲಪ್ರಿಯರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೀಗೆಯೇ. ಇಂದು ಅಟ್ಲಾಂಟಿಕ್ ಮೇಲೆ ಓಡುವ ಒಂದೇ ಒಂದು ಲೈನರ್ ಕ್ವೀನ್ ಮೇರಿ 2 ಅನ್ನೇ ನೋಡಿ. ಫ್ರಾನ್ಸಿನ ಸೇಂಟ್ ನಜೇರ್ ಯಾರ್ಡಿನಲ್ಲಿ ಕಟ್ಟಿದ್ದು, ವಿನ್ಯಾಸ ಸ್ಟೀಫನ್ ಪೇನ್ ಅವರದು, ಮೊದಲ ಯಾನ 2004ರ ಜನವರಿ. ಉದ್ದ 345 ಮೀಟರ್, ಒಟ್ಟು ಟನ್ನೇಜ್ ಸುಮಾರು 1,49,000, ನೀರಿನ ಕೆಳಗೆ ಹತ್ತು ಮೀಟರಿಗೂ ಮಿಗಿಲು. ಈಗ ಕ್ರೂಸ್ ಹಡಗು ಐಕಾನ್ ಆಫ್ ದ ಸೀಸ್ ನೋಡಿ: 2,48,663 ಟನ್ನೇಜ್, ಆದರೆ ನೀರಿನ ಕೆಳಗಿರುವುದು ಸುಮಾರು ಒಂಬತ್ತೇ ಮೀಟರ್. ಟನ್ನೇಜ್ ಎಂದರೆ ಹಡಗಿನ ತೂಕವಲ್ಲ, ಗೋಡೆಗಳ ಒಳಗೆ ಸಿಕ್ಕಿದ ಜಾಗದ ಲೆಕ್ಕ. ಎತ್ತರಕ್ಕೆ ಇನ್ನೊಂದು ಮಹಡಿ ಕೂರಿಸಿದರೂ ಅದು ಏರುತ್ತದೆ, ಅದರಿಂದ ಅಲೆಯನ್ನು ಎದುರಿಸುವ ಶಕ್ತಿ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ.

ಆಳದ ಜೊತೆಗೆ ಕೇಳಬೇಕಾದ್ದು ಬ್ಲಾಕ್ ಕೋಎಫಿಷಿಯೆಂಟ್. ಹಡಗಿನ ಮುಳುಗಿದ ಭಾಗವನ್ನು ಅದೇ ಉದ್ದ, ಅಗಲ, ಆಳದ ಆಯತಾಕಾರದ ಪೆಟ್ಟಿಗೆಯೊಳಗೆ ಇಟ್ಟರೆ ಪೆಟ್ಟಿಗೆ ಎಷ್ಟು ಪಾಲು ತುಂಬುತ್ತದೆ ಎಂಬುದೇ ಅದು. ಕ್ವೀನ್ ಮೇರಿ 2ಕ್ಕೆ ಇದು 0.61ರ ಆಸುಪಾಸು, ಕ್ರೂಸ್ ಹಡಗುಗಳು ಸಾಮಾನ್ಯವಾಗಿ 0.7ರ ಹತ್ತಿರ. ಅಂಕಿ ಇಳಿದಷ್ಟೂ ಮೂತಿ ಚೂಪು, ನೀರು ಸೀಳುವುದು ಸಲೀಸು, ಕೋಣೆ ತುಂಬಲು ಜಾಗ ಕಡಿಮೆ. ಕಂಪನಿಯ ಲೆಕ್ಕಪತ್ರದವರು ಮೊದಲು ಕತ್ತರಿ ಹಾಕುವುದು ಇಲ್ಲಿಗೇ. ಮೂತಿಯನ್ನು ಸ್ವಲ್ಪ ಮೊಂಡು ಮಾಡಿ, ಹಿಂಬದಿಯನ್ನು ಚಪ್ಪಟೆ ಮಾಡಿ, ಅಲ್ಲೊಂದು ರೆಸ್ಟೋರೆಂಟ್ ಇಡಿ ಎನ್ನುತ್ತಾರೆ. ಚಪ್ಪಟೆ ಹಿಂಬದಿಗೆ ಅಡಿಯಿಂದ ಅಲೆ ಬಡಿದಾಗ ಇಡೀ ಹಡಗು ಗಡಗಡ ನಡುಗುತ್ತದೆ, ಹಿಂಬದಿಯ ಕೋಣೆಗಳಲ್ಲಿ ನಿದ್ದೆಗೇಡು. ಕ್ವೀನ್ ಮೇರಿ 2ರ ಹಿಂಬದಿಯಲ್ಲಿ ನೀರಿನ ಮಟ್ಟದಲ್ಲಿ ಚಪ್ಪಟೆ, ಅದರ ಮೇಲೆ ದುಂಡು ಎಂಬ ರಾಜಿ ಮಾಡಿಕೊಂಡಿದ್ದಾರೆ. ಪಾಡ್‌ಗಳಿಗೆ, ಅಂದರೆ ಹಿಂಬದಿಯ ಅಡಿಗೆ ತೂಗುಹಾಕಿದ ಪ್ರೊಪೆಲ್ಲರ್ ಮೋಟಾರುಗಳಿಗೆ, ಚಪ್ಪಟೆ ಭಾಗ ಬೇಕು, ಹಿಂದಿನಿಂದ ಬರುವ ಅಲೆಗೆ ದುಂಡು ಬೇಕು.

ಸ್ಟೆಬಿಲೈಸರ್ ಇದ್ದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಪಕ್ಕದಿಂದ ಹೊರಚಾಚುವ ಆ ರೆಕ್ಕೆಗಳು ಎಡಬಲ ಹೊರಳಾಟವನ್ನು ತಗ್ಗಿಸುತ್ತವೆ, ಅದೂ ಹಡಗು ಓಡುತ್ತಿದ್ದಾಗ ಮಾತ್ರ. ಮೂತಿ ಏರಿ ಇಳಿಯುವ ತೂಗಾಟಕ್ಕೆ ಅವುಗಳಿಂದ ಏನೂ ಆಗದು. ಅದಕ್ಕೆ ಮದ್ದು ಉದ್ದ ಮತ್ತು ಚೂಪು ಮೂತಿ ಮಾತ್ರ. ಹಳೆಯ ಕ್ವೀನ್ ಮೇರಿ 1936ರಲ್ಲಿ ಓಡಾಟ ಶುರುಮಾಡಿ, ಹೊರಳಾಟಕ್ಕೇ ಹೆಸರಾಗಿ, 1958ರಲ್ಲಿ ಸ್ಟೆಬಿಲೈಸರ್ ಹಾಕಿಸಿಕೊಂಡಿತು. ಹೊರಳಾಟ ತಗ್ಗಿತು. ಅದೇ ವರ್ಷ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದವು, ಪ್ರಯಾಣಿಕರೂ ತಗ್ಗಿದರು!

ಎಲ್ಲ ಕೋಣೆಗೂ ಬಾಲ್ಕನಿ ಬೇಕೆಂಬ ನಿಮ್ಮ ಆಸೆಗೆ 1966ರ ಏಪ್ರಿಲ್‌ನಲ್ಲಿ ಉತ್ತರ ಸಿಕ್ಕಿದೆ. ನ್ಯೂಯಾರ್ಕ್ ಕಡೆ ಹೊರಟಿದ್ದ ಇಟಲಿಯ ಲೈನರ್ ಮಿಕೆಲಾಂಜೆಲೊಗೆ ಅಲೆಯೊಂದು ಮುಂದಿನಿಂದ ಬಡಿಯಿತು. ಮೇಲ್ಕಟ್ಟಡದ ಮುಂಗೋಡೆ ಅಲ್ಯೂಮಿನಿಯಂನದು. ಒಳಕ್ಕೆ ಕುಸಿಯಿತು, ಮೂವರು ಸತ್ತರು. ಆಮೇಲೆ ಅಲ್ಲಿಗೆ ಉಕ್ಕು ಹಾಕಿದರು, ಅದರ ಜೋಡಿ ಹಡಗು ರಫಾಯೆಲ್ಲೊಗೂ ಹಾಗೇ ಮಾಡಿದರು. 1995ರ ಸೆಪ್ಟೆಂಬರ್‌ನಲ್ಲಿ ಲೂಯಿಸ್ ಚಂಡಮಾರುತದ ಅಂಚಿನಲ್ಲಿ ಲೈನರ್ ಕ್ವೀನ್ ಎಲಿಜಬೆತ್ 2ಕ್ಕೆ ಸುಮಾರು 29 ಮೀಟರಿನ ಅಲೆ ಎದುರಾಯಿತು, ಹಡಗು ನಡೆಸುವ ಬ್ರಿಜ್ ಕೋಣೆಯಲ್ಲಿದ್ದವರ ಕಣ್ಣಿನ ಮಟ್ಟಕ್ಕೆ. ಮೂತಿಗೆ ಅಲ್ಪಸ್ವಲ್ಪ ಪೆಟ್ಟು, ಹಡಗು ನ್ಯೂಯಾರ್ಕ್ ಸೇರಿತು. ಹತ್ತು ವರ್ಷದ ಬಳಿಕ, 2005ರ ಏಪ್ರಿಲ್‌ನಲ್ಲಿ, ಕ್ರೂಸ್ ಹಡಗು ನಾರ್ವೇಜಿಯನ್ ಡಾನ್‌ಗೆ ಅಲೆ ಬಡಿದು ಒಂಬತ್ತು, ಹತ್ತನೇ ಡೆಕ್ಕಿನ ಕಿಟಕಿಗಳು ಒಡೆದವು, ಅರುವತ್ತಕ್ಕೂ ಹೆಚ್ಚು ಕೋಣೆಗಳಿಗೆ ನೀರು ನುಗ್ಗಿತು.

ಹಾಗಾಗಿ ಲೈನರ್‌ನ ಕೆಳಗಿನ ಬಾಲ್ಕನಿಗಳನ್ನು ಗಾಜಿನ ಕಟಾಂಜನದಲ್ಲಿ ತೂಗುಹಾಕುವ ಹಾಗಿಲ್ಲ. ಕ್ವೀನ್ ಮೇರಿ 2ರಲ್ಲಿ ಅವು ಹಡಗಿನ ಒಡಲಿನ ಉಕ್ಕಿನ ತಗಡಿನಲ್ಲಿ ಕೊರೆದ ಕಿಂಡಿಗಳು. ಕೂತರೆ ಕಡಲು ಕಾಣುವುದಿಲ್ಲ, ನಿಂತರೆ ಕಾಣುತ್ತದೆ. ಇದನ್ನು ದೂರುವವರು ಬಹಳ. ಆ ಉಕ್ಕು ಅಲ್ಲಿ ಇರುವುದೇ ಅವರಿಗಾಗಿ. ಲೈಫ್‌ಬೋಟ್‌ಗಳೂ ಹಾಗೆಯೇ. ನಿಯಮದ ಪ್ರಕಾರ ನೀರಿನಿಂದ ಹದಿನೈದು ಮೀಟರಿನ ಆಸುಪಾಸಿನಲ್ಲಿ ಇರಬೇಕಿತ್ತು. ಅಷ್ಟು ಕೆಳಗಿದ್ದರೆ ಅಟ್ಲಾಂಟಿಕ್ ಅಲೆ ಅವನ್ನು ಕಿತ್ತೊಯ್ಯುತ್ತದೆ ಎಂದು ವಾದಿಸಿ, ವಿನಾಯಿತಿ ಪಡೆದು, ಸುಮಾರು 25 ಮೀಟರ್ ಎತ್ತರಕ್ಕೆ ಏರಿಸಿದರು. ಯಾವುದೇ ಹೊಸ ಹಡಗಿನ ಚಿತ್ರ ನಿಮ್ಮ ಕೈಗೆ ಬಂದರೆ ಮೊದಲು ಬೋಟುಗಳು ಎಲ್ಲಿವೆ ನೋಡಿ. ಕೆಳಗೆ ಜೋತಾಡುತ್ತಿದ್ದರೆ ಅದು ಲೈನರ್ ವೇಷದ ಕ್ರೂಸ್ ಹಡಗು.

ಮುಂದಿನ ಡೆಕ್ಕನ್ನೂ ನೋಡಿ. ಕ್ವೀನ್ ಮೇರಿ 2ರ ಮೂತಿಯ ಮೇಲೆ ನುಗ್ಗಿಬರುವ ನೀರನ್ನು ಎರಡು ಕಡೆಗೆ ಚೆಲ್ಲುವ ಎತ್ತರದ ಉಕ್ಕಿನ ತಡೆಗೋಡೆ ಇದೆ. ಅದರ ಹಿಂದೆ ಬೆಳ್ಳಗೆ ಹೊಳೆಯುವ ಬಾಗಿದ ಎಂಟು ಲೋಹದ ಎಲೆಗಳು ಸಾಲಾಗಿ ಮಲಗಿವೆ. ಅವನ್ನು ಶಿಲ್ಪವೆಂದುಕೊಂಡು ಫೋಟೊ ತೆಗೆಸಿಕೊಳ್ಳುವವರಿದ್ದಾರೆ. ಅವು ಪ್ರೊಪೆಲ್ಲರಿನ ಬಿಡಿ ರೆಕ್ಕೆಗಳು! ಒಂದಕ್ಕೆ ಪೆಟ್ಟಾದರೆ ಇಡೀ ಪ್ರೊಪೆಲ್ಲರ್ ಬಿಚ್ಚದೆ, ಬೋಲ್ಟ್ ಸಡಿಲಿಸಿ, ಆ ರೆಕ್ಕೆಯೊಂದನ್ನೇ ಬದಲಿಸಬಹುದು.

ಇನ್ನು ಐದು ರಾತ್ರಿಯ ಆಸೆ. ಲೆಕ್ಕ ಹಾಕೋಣ. ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಸುಮಾರು 3,150 ನಾಟಿಕಲ್ ಮೈಲಿ. ಸಂಜೆ ಐದಕ್ಕೆ ಹೊರಟು ಬೆಳಿಗ್ಗೆ ಏಳಕ್ಕೆ ತಲುಪುವುದಾದರೆ ಐದು ರಾತ್ರಿಗೆ 110 ಗಂಟೆ; ಪಶ್ಚಿಮಕ್ಕೆ ಹೋಗುವಾಗ ಗಡಿಯಾರ ಹಿಂದೆ ಸರಿದು ಸಿಗುವ ಐದು ಗಂಟೆ ಸೇರಿಸಿ, ಬಂದರಿನ ಒಳಗೆ ಹೊರಗೆ ನಿಧಾನ ಸಾಗುವ ಆರು ಗಂಟೆ ಕಳೆಯಿರಿ. ಉಳಿದದ್ದು 109 ಗಂಟೆ, ಅಂದರೆ ಸರಾಸರಿ 29 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ). ಈಗಿನ ಏಳು ರಾತ್ರಿಗೆ ಇದೇ ಲೆಕ್ಕದಲ್ಲಿ 20 ನಾಟ್ ಸಾಕು. ಬೇಕಾಗುವ ಶಕ್ತಿ ಸ್ಥೂಲವಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ, ಹಾಗಾಗಿ ಮೂರು ಪಟ್ಟು ಶಕ್ತಿ. ಹೊತ್ತು ಕಡಿಮೆಯಾದರೂ ಒಂದು ದಾಟುವಿಕೆಗೆ ಸುಡುವ ಇಂಧನ ಎರಡು ಪಟ್ಟಿಗೂ ಹೆಚ್ಚು. ಹಿಂತಿರುಗುವಾಗ ಗಡಿಯಾರ ಮುಂದೆ ಸರಿಯುವುದರಿಂದ ಐದು ಗಂಟೆ ಕಳೆದುಕೊಳ್ಳುತ್ತೀರಿ, ಆಗ 31 ನಾಟ್ ದಾಟುತ್ತದೆ! 1952ರಲ್ಲಿ ಯುನೈಟೆಡ್ ಸ್ಟೇಟ್ಸ್ ಎಂಬ ಹೆಸರಿನ ಹಡಗು 35.59 ನಾಟ್ ಸರಾಸರಿಯಲ್ಲಿ 3 ದಿನ 10 ಗಂಟೆ 40 ನಿಮಿಷದಲ್ಲಿ ದಾಟಿತ್ತಲ್ಲ ಎನ್ನುತ್ತೀರಿ. ಅದು ಬಹುಪಾಲು ಸರ್ಕಾರದ ದುಡ್ಡಿನಿಂದ, ಯುದ್ಧ ಬಂದರೆ ಸೈನಿಕರನ್ನೂ ಸಾಗಿಸುವಂತೆ ಕಟ್ಟಿದ ಹಡಗು.

ಆದರೂ ವೇಗದ ಮೀಸಲು ಇರಲೇಬೇಕು ಎಂಬುದೇ ನಮ್ಮ ಹಟ. ಬಿರುಗಾಳಿಗೆ ಸಿಕ್ಕು ಹತ್ತು ಗಂಟೆ ತಡವಾದರೆ ಅದನ್ನು ಒಂದೂವರೆ ದಿನದಲ್ಲಿ ಹಿಡಿಯಲು ಆರು ನಾಟ್‌ನಷ್ಟಾದರೂ ಕೈಯಲ್ಲಿರಬೇಕು. ಕ್ವೀನ್ ಮೇರಿ 2ರಲ್ಲಿ ದಿನನಿತ್ಯಕ್ಕೆ ನಾಲ್ಕು ಡೀಸೆಲ್ ಎಂಜಿನ್, ಅವಸರಕ್ಕೆ ಎರಡು ಗ್ಯಾಸ್ ಟರ್ಬೈನ್. ಟರ್ಬೈನ್‌ಗಳನ್ನು ಇಟ್ಟಿರುವುದು ತಳದಲ್ಲಲ್ಲ, ಚಿಮಣಿಯ ಬುಡದಲ್ಲಿ. ಅವಕ್ಕೆ ಬೇಕಾದ ಗಾಳಿಯ ದೊಡ್ಡ ಕೊಳವೆಗಳು ಕೆಳಗಿನವರೆಗೆ ಹೋದರೆ ಪ್ರತಿ ಡೆಕ್ಕಿನಲ್ಲೂ ಜಾಗ ನುಂಗುತ್ತವೆ. ನಾಲ್ಕು ಪಾಡ್‌ಗಳಿಗೆ ತಲಾ 21.5 ಮೆಗಾವಾಟ್, ಒಟ್ಟು 86. ಅದಕ್ಕಿಂತ ಬಹಳ ದೊಡ್ಡದಾದ ಕ್ರೂಸ್ ಹಡಗು ಓಯಸಿಸ್ ಆಫ್ ದ ಸೀಸ್‌ಗೆ 60. ಹಾಗೆಂದು ಈ ಪಾಡ್‌ಗಳು ಹೂವಿನ ಹಾಸಿಗೆ ಆಗಿರಲಿಲ್ಲ. ಅವುಗಳ ತಳ್ಳುಬಲ ಹೊರುವ ಬೇರಿಂಗ್‌ಗಳು ಬೇಗ ಸವೆದು ಪದೇ ಪದೇ ರಿಪೇರಿಗೆ ಬಂದವು, ವಿಷಯ ನ್ಯಾಯಾಲಯದವರೆಗೂ ಹೋಯಿತು. ಪಾಡ್ ನೀರಿನೊಳಗಿನ ಮೋಟಾರು. ಒಳಗೆ ದೊಡ್ಡ ರಿಪೇರಿ ಬಂದರೆ ಡ್ರೈ ಡಾಕ್ (ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಕಟ್ಟೆ) ಹುಡುಕಬೇಕು. ಸುರಂಗದಂಥ ಹಾದಿಯಲ್ಲಿ ಉದ್ದದ ಶಾಫ್ಟ್ ಇದ್ದ ಹಳೆಯ ವ್ಯವಸ್ಥೆಯಲ್ಲಿ ಬೇರಿಂಗ್ ಬಳಿಗೆ ಮನುಷ್ಯ ನಡೆದು ಹೋಗಬಹುದಿತ್ತು.

ಮರದ ಸಭಾಂಗಣ ಮರೆತುಬಿಡಿ. ಕಡಲಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ ಸೋಲಾಸ್ ನಿಯಮದಂತೆ ಗೋಡೆಯ ಹೊದಿಕೆ ಚದರ ಮೀಟರಿಗೆ 45 ಮೆಗಾಜೂಲ್‌ಗಿಂತ ಹೆಚ್ಚು ಶಾಖ ಕೊಡುವಂತಿಲ್ಲ. ಅಂದರೆ ಉರಿಯದ ಹಲಗೆಯ ಮೇಲೆ ಅಂಟಿಸಿದ ತೆಳು ಪದರವಷ್ಟೇ. 1942ರಲ್ಲಿ ನ್ಯೂಯಾರ್ಕ್ ಕಟ್ಟೆಯಲ್ಲಿ ನಾರ್ಮಂಡಿ ಎಂಬ ಲೈನರ್ ಹೊತ್ತಿ ಉರಿದು ಮಗುಚಿಕೊಂಡದ್ದನ್ನು ಬಲ್ಲವರು ಈ ನಿಯಮಕ್ಕೆ ಗೊಣಗಬಾರದು.

ನಿಯಮಗಳಿಗೆ ಹೆದರುವ ನೀವು ಹೆದರಬೇಕಾದ ಕಡೆ ಹೆದರಿಲ್ಲ. 2010ರ ಜುಲೈ ನಂತರ ಕಟ್ಟುವ ದೊಡ್ಡ ಪ್ರಯಾಣಿಕ ಹಡಗುಗಳಲ್ಲಿ ಒಂದು ಎಂಜಿನ್ ಕೋಣೆಗೆ ಬೆಂಕಿ ಬಿದ್ದರೂ, ನೀರು ತುಂಬಿದರೂ ಸ್ವಂತ ಬಲದಿಂದ ಬಂದರಿಗೆ ಮರಳುವಂತಿರಬೇಕು. ಎಂಜಿನ್, ವಿದ್ಯುತ್ ಹಲಗೆ, ಚುಕ್ಕಾಣಿ ಎಲ್ಲವೂ ಎರಡು ಕಡೆ, ನಡುವೆ ಭದ್ರ ಗೋಡೆ. ಹತ್ತಿರದ ಬಂದರು ನೂರಾರು ಮೈಲಿ ದೂರವಿರುವ ಲೈನರ್‌ಗೆ ಇದು ವರವೇ ಸರಿ. ಆದರೆ ಕ್ವೀನ್ ಮೇರಿ 2ರ ನಕ್ಷೆಯನ್ನು ಹಾಗೇ ನಕಲು ಮಾಡಿ ಇನ್ನೊಂದು ಕಟ್ಟೋಣ ಎನ್ನುವವರ ಮಾತು ಇಲ್ಲಿಗೆ ಮುಗಿಯಿತು. ದ್ರವೀಕೃತ ಅನಿಲ ಇಂಧನವೂ ಸುಲಭದ ದಾರಿಯಲ್ಲ. ಮೈನಸ್ 162 ಡಿಗ್ರಿಯಲ್ಲಿ ಇಡಬೇಕು, ಅದೇ ಶಕ್ತಿಗೆ ಎಣ್ಣೆಗಿಂತ ಒಂದೂಮುಕ್ಕಾಲು ಪಟ್ಟು ಜಾಗ, ದುಂಡು ತೊಟ್ಟಿ ಮತ್ತು ಅದರ ಹೊದಿಕೆ ಸೇರಿದರೆ ಇನ್ನೂ ಹೆಚ್ಚು. ಪೆಟ್ಟಿಗೆಯಂಥ ಹಡಗಿನಲ್ಲಿ ಆ ತೊಟ್ಟಿಗಳು ಆರಾಮಾಗಿ ಕೂರುತ್ತವೆ, ಚೂಪು ಒಡಲಿನಲ್ಲಿ ಕೂರುವುದಿಲ್ಲ. ಮೂತಿ ಮೊಂಡಾಗಲು ಇದೇ ಮುಂದಿನ ನೆಪ ಆಗಲಿದೆ, ಬರೆದಿಟ್ಟುಕೊಳ್ಳಿ.

ಟೈಟಾನಿಕ್ 2ರ ಬಗ್ಗೆ ಕೇಳಿದ್ದೀರಿ. ಆಸ್ಟ್ರೇಲಿಯಾದ ಉದ್ಯಮಿ ಕ್ಲೈವ್ ಪಾಮರ್ 2012ರಲ್ಲಿ ಘೋಷಿಸಿದಾಗ ಅದು 2016ರಲ್ಲಿ ಹೊರಡಬೇಕಿತ್ತು. 2018ರಲ್ಲಿ ಮತ್ತೆ ಘೋಷಣೆ, 2024ರಲ್ಲಿ ಮತ್ತೊಮ್ಮೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದರಲ್ಲಿ ತಪ್ಪಿಲ್ಲ, ಮೂರನೇ ಕುಲಾವಿಗೂ ಮುಖಪುಟ ಕೊಡುವ ಪತ್ರಿಕೆಗಳದು ತಪ್ಪು. ಕಂಪನಿ ಕಳಿಸಿದ ಕಂಪ್ಯೂಟರ್ ಚಿತ್ರ, ಅದರ ಕೆಳಗೆ ರೆಸ್ಟೋರೆಂಟುಗಳ ಸಂಖ್ಯೆ. ನಮ್ಮ ವೃತ್ತಿಯ ಕಡಲ ವರದಿ ಇಷ್ಟಕ್ಕೇ ಇಳಿದಿದೆ. ಯಾರ್ಡಿನ ಜೊತೆ ಒಪ್ಪಂದಕ್ಕೆ ಸಹಿ ಬಿದ್ದಿದೆಯೇ, ಮುಂಗಡ ಕಟ್ಟಿದ್ದಾರೆಯೇ, ಮಾದರಿಯನ್ನು ಅಲೆಯ ತೊಟ್ಟಿಯಲ್ಲಿ ಪರೀಕ್ಷಿಸಿದ್ದಾರೆಯೇ, ಮೊದಲ ಉಕ್ಕು ಕತ್ತರಿಸಿದ ದಿನ ಯಾವುದು ಎಂದು ಕೇಳುವವರಿಲ್ಲ. ಈ ನಾಲ್ಕಕ್ಕೆ ಉತ್ತರ ಸಿಗುವವರೆಗೆ ಯಾವ ಯೋಜನೆಗೂ ಟಿಕೆಟ್ಟಿನ ಮುಂಗಡ ಕೊಡಬೇಡಿ.

ಜಾರುಬಂಡಿಯ ಭಯಕ್ಕೆ ಒಂದು ಹಳೆಯ ಉದಾಹರಣೆ. ಎಣ್ಣೆಯ ಬೆಲೆ ಏರಿ 1974ರಲ್ಲಿ ಕಟ್ಟೆ ಸೇರಿದ ಫ್ರಾನ್ಸ್ ಎಂಬ ಹೆಸರಿನ ಲೈನರನ್ನು ಕ್ರೂಸ್ ಮಾಲೀಕರು ಕೊಂಡು, 1980ರಲ್ಲಿ ನಾರ್ವೇ ಎಂದು ಹೆಸರಿಟ್ಟು ಬೆಚ್ಚಗಿನ ಕಡಲಿಗೆ ಒಯ್ದರು. ಮುಂದಿನ ಎಂಜಿನ್ ಕೋಣೆ ಮುಚ್ಚಿದರು, ನಾಲ್ಕು ಪ್ರೊಪೆಲ್ಲರ್‌ನಲ್ಲಿ ಎರಡು ಕಿತ್ತರು. ಆಳವಾದ ಒಡಲು ಹೆಚ್ಚಿನ ಕೆರಿಬಿಯನ್ ಬಂದರುಗಳ ಕಟ್ಟೆಗೆ ಹೋಗುವಂತಿರಲಿಲ್ಲ, ಜನರನ್ನು ದಡಕ್ಕೆ ಸಾಗಿಸಲು ಎರಡು ದೊಡ್ಡ ದೋಣಿಗಳನ್ನು ಮುಂದಿನ ಡೆಕ್ಕಿನ ಮೇಲೇ ಹೊತ್ತು ತಿರುಗಬೇಕಾಯಿತು. ಆದರೂ ಎರಡು ದಶಕಕ್ಕೂ ಹೆಚ್ಚು ಕಾಲ ದುಡಿಯಿತು. ಗಟ್ಟಿ ಒಡಲಿನ ಮೇಲೆ ಜಾರುಬಂಡಿ ಹಾಕಿದರೆ ನಾಳೆ ಕಿತ್ತು ಎಸೆಯಬಹುದು. ಮೊಂಡು ಒಡಲನ್ನು ಯಾವ ಡ್ರೈ ಡಾಕ್ ಕೂಡ ಚೂಪು ಮಾಡಿಕೊಡುವುದಿಲ್ಲ.

ಕೋಣೆ ವಿಚಾರ: ನಿಮಗೆ ಸಮುದ್ರದ ತಲೆಸುತ್ತು ಇದ್ದರೆ ಹಡಗಿನ ಉದ್ದದ ನಡುಭಾಗದಲ್ಲಿ, ಸಾಧ್ಯವಾದಷ್ಟು ಕೆಳಗಿನ ಡೆಕ್ಕಿನಲ್ಲಿ ಹಿಡಿಯಿರಿ. ಮೂತಿಯ ತುದಿಯಲ್ಲಿ ಏರಿಳಿತ ಹೆಚ್ಚು, ಮೇಲಿನ ಡೆಕ್ಕುಗಳಲ್ಲಿ ಹೊರಳಾಟ ಹೆಚ್ಚು, ಹಿಂಬದಿಯ ತುದಿಯಲ್ಲಿ ಪ್ರೊಪೆಲ್ಲರಿನ ಕಂಪನ. ಕುಣಿತದ ಸಭಾಂಗಣದ ಅಡಿಯಲ್ಲಾಗಲಿ, ಅಡುಗೆಮನೆಯ ಪಕ್ಕದಲ್ಲಾಗಲಿ ಕೋಣೆ ಕೊಟ್ಟರೆ ಬೇಡವೆನ್ನಿ. ಪಶ್ಚಿಮಕ್ಕೆ ಹೋಗುವ ಯಾನವನ್ನೇ ಆರಿಸಿಕೊಳ್ಳಿ. ಗಡಿಯಾರ ಹಿಂದೆ ಸರಿದು ಐದು ದಿನ ಇಪ್ಪತ್ತೈದು ಗಂಟೆಯದಾಗುತ್ತದೆ, ಪೂರ್ವಕ್ಕೆ ಹೋದರೆ ಅಷ್ಟೇ ದಿನ ಇಪ್ಪತ್ಮೂರು ಗಂಟೆಯದು.