ಚಾಕುವಿನ ಕೀಲು ಯಾಕೆ ಸರಿ ಕೂರುತ್ತಿಲ್ಲ?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಭಾವ ಒಂದು ಮಡಚುವ ಚಾಕು ತಂದುಕೊಟ್ಟರು. ಬೆಲೆ 38,000 ರೂಪಾಯಿ ಅಂತೆ! ಎಸ್.ಜೆ.ಪಿ. ರಸ್ತೆಯಲ್ಲಿ 250ಕ್ಕೆ ತಂದ ಚಾಕುವಿನಲ್ಲೂ ಹಣ್ಣು ಹೆಚ್ಚಬಹುದು, ಅಲ್ವಾ? ಇದರಲ್ಲಿ ಅಂಥದ್ದೇನಿದೆ ನೋಡೋಣ ಅಂತ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದೆ. ಈಗ ಸ್ಕ್ರೂ ಸಡಿಲ ಬಿಟ್ಟರೆ ಅಲಗು ಅಲ್ಲಾಡುತ್ತದೆ, ಬಿಗಿ ಮಾಡಿದರೆ ತೆರೆಯುವುದೇ ಇಲ್ಲ. ಏನು ಮಾಡಲಿ ಸರ್?
– ಒಬ್ಬ ಓದುಗರು, ಬಸವೇಶ್ವರನಗರ

ಉತ್ತರ: ಭಾವನಿಗೆ ಇನ್ನೂ ಹೇಳಿಲ್ಲ ಅಂದುಕೊಳ್ಳುತ್ತೇನೆ. ಹೇಳಬೇಡಿ, ಬಹುಶಃ ಸರಿಹೋಗುತ್ತದೆ.

ಹಣ್ಣು ಹೆಚ್ಚಲು ಅಷ್ಟು ದುಡ್ಡು ಬೇಡ, ಒಪ್ಪಿದೆ. ಒಳ್ಳೆಯ ಉಕ್ಕನ್ನು ಯಾರು ಬೇಕಾದರೂ ಕೊಳ್ಳಬಹುದು. ಬೆಲೆ ಏರುವುದು ಕೀಲಿನಲ್ಲಿ. ಸಾಮಾನ್ಯವಾಗಿ ಅಲಗಿನ ಎರಡೂ ಬದಿಗೆ ತೆಳುವಾದ ಫಾಸ್ಫರ್ ಬ್ರಾಂಜ್ ವಾಷರ್‌ಗಳು ಇರುತ್ತವೆ. ವಾಷರ್ ಅಗಲ 10 ಮಿ.ಮೀ., ಕೀಲಿನಿಂದ ತುದಿಗೆ 90 ಮಿ.ಮೀ. ಅಂತ ಇಟ್ಟುಕೊಳ್ಳಿ. ಕೀಲಿನಲ್ಲಿ 20 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್) ಸಂದು ಉಳಿದರೆ ತುದಿ ಅದರ ಒಂಬತ್ತು ಪಟ್ಟು, ಅಂದರೆ 0.18 ಮಿ.ಮೀ. ಆಡುತ್ತದೆ. ಕೈಗೆ ಗೊತ್ತಾಗುತ್ತದೆ. 20 ಮೈಕ್ರಾನ್ ತಲೆಕೂದಲಿನ ದಪ್ಪವೂ ಇಲ್ಲ!

ಆ ಸಂದು ಉಳಿಯಬಾರದು ಅಂದರೆ ಅಲಗಿನ ಎರಡು ಮುಖ, ಎರಡು ವಾಷರ್, ಹಿಡಿಯ ಎರಡು ತಟ್ಟೆ ಎಲ್ಲವೂ ಮಟ್ಟಸವಾಗಿರಬೇಕು. ಉಕ್ಕನ್ನು ಸಾವಿರ ಡಿಗ್ರಿಗೂ ಮೇಲೆ ಕಾಯಿಸಿ ಹದ ಮಾಡುವಾಗ ಅಲಗು ಒಂಚೂರು ಸೊಟ್ಟಗಾಗುತ್ತದೆ, ಅಳತೆಯೂ ಬದಲಾಗುತ್ತದೆ. ಅದಕ್ಕೇ ಒಳ್ಳೆಯ ತಯಾರಕರು ಹದ ಮಾಡಿದ ಮೇಲೆ ಸರ್ಫೇಸ್ ಗ್ರೈಂಡಿಂಗ್, ಅಂದರೆ ಮುಖವನ್ನು ಉಜ್ಜಿ ಮಟ್ಟಸ ಮಾಡುವ ಕೆಲಸ, ಮಾಡುತ್ತಾರೆ. ರಾಕ್‌ವೆಲ್ ಅನ್ನುವ ಗಡಸಿನ ಅಳತೆಯಲ್ಲಿ 60 ಇರುವ ಉಕ್ಕು, ಬೇಗ ಸವೆಯುವುದಿಲ್ಲ. ಪೀಣ್ಯದಲ್ಲಿ ಡೈ (ಲೋಹದ ಅಚ್ಚು) ಮಾಡುವವರನ್ನು ಕೇಳಿ, ಇದರ ಕಷ್ಟ ಹೇಳುತ್ತಾರೆ. ಅಗ್ಗದ ಚಾಕುವಿನಲ್ಲಿ ಈ ಕೆಲಸವೇ ಇರುವುದಿಲ್ಲ. ಸುಮ್ನೆ ಸ್ಕ್ರೂ ಸಡಿಲ ಬಿಟ್ಟಿರುತ್ತಾರೆ.

ಇನ್ನು ಲಾಕ್, ಅಂದರೆ ತೆರೆದ ಅಲಗು ತಾನಾಗಿ ಮಡಚಿಕೊಳ್ಳದಂತೆ ತಡೆಯುವ ಭಾಗ. ದಕ್ಷಿಣ ಆಫ್ರಿಕಾದಿಂದ ಅಮೆರಿಕದ ಐಡಹೋಗೆ ಹೋದ ಚಾಕು ತಯಾರಕ ಕ್ರಿಸ್ ರೀವ್, ಟೈಟಾನಿಯಂ ಹಿಡಿಯ ಒಂದು ಪಟ್ಟಿಯನ್ನೇ ಸ್ಪ್ರಿಂಗ್‌ನಂತೆ ಬಾಗಿಸಿ ಅಲಗಿಗೆ ಆಸರೆ ಕೊಟ್ಟರು. ಆ ಚಾಕುವಿಗೆ ಇಟ್ಟ ಹೆಸರು ಸೆಬೆಂಜಾ. ಜುಲು ಭಾಷೆಯಲ್ಲಿ ಅದರ ಅರ್ಥ 'ಕೆಲಸ'. ನಿಮ್ಮ ಚಾಕುವಿನಲ್ಲೂ ಇಂಥ ಲಾಕ್ ಇದ್ದರೆ ಅದನ್ನು ಉಜ್ಜಲು ಹೋಗಬೇಡಿ.

ನಿಮ್ಮ ತೊಂದರೆ ವಾಷರ್‌ನದ್ದು ಅನ್ನಿಸುತ್ತದೆ. ಸಡಿಲಕ್ಕೂ ಬಿಗಿಗೂ ನಡುವೆ ಒಂದು ಸರಿಯಾದ ಜಾಗ ಸಿಗದಿದ್ದರೆ ವಾಷರ್ ಬಗ್ಗಿರಬೇಕು, ಇಲ್ಲವೇ ಅದರಡಿ ಕಸ ಸೇರಿರಬೇಕು. ಮತ್ತೆ ಬಿಚ್ಚಿ. ವಾಷರ್‌ಗಳನ್ನು ಗಾಜಿನ ಮೇಲಿಟ್ಟು ಅಂಚನ್ನು ಉಗುರಿನಿಂದ ಒತ್ತಿ ನೋಡಿ. ಟಕಟಕ ಅಂದರೆ ಬಗ್ಗಿದೆ. ಬಗ್ಗಿಲ್ಲ ಅಂದರೆ ಎಲ್ಲ ಒರೆಸಿ, ಒಂದೇ ಹನಿ ಎಣ್ಣೆ ಹಾಕಿ ಜೋಡಿಸಿ.

ಸ್ಕ್ರೂ ತಿರುಗಿಸುವಾಗ ಮಾತ್ರ ಆತುರ ಬೇಡ. ಸ್ಕ್ರೂ ಒಂದು ಸುತ್ತು ತಿರುಗಿದಾಗ ಅರ್ಧ ಮಿ.ಮೀ. ಇಳಿಯುವಂಥ ಮರೆ (ಥ್ರೆಡ್) ಇದ್ದರೆ, ಹತ್ತನೇ ಒಂದು ಸುತ್ತು ತಿರುಗಿಸಿದರೂ 50 ಮೈಕ್ರಾನ್ ಆಯಿತು. ನಮಗೆ ಬೇಕಾದ್ದು ಅದಕ್ಕಿಂತ ಕಡಿಮೆ. ಕೂದಲೆಳೆಯಷ್ಟು ತಿರುಗಿಸಿ, ಅಲಗು ತೆರೆದು ನೋಡಿ, ಮತ್ತೆ ತಿರುಗಿಸಿ. ಸರಿ ಕೂತ ಮೇಲೆ ಆ ಜಾಗಕ್ಕೆ ಗುರುತು ಹಾಕಿ, ಸ್ಕ್ರೂ ತೆಗೆದು, ಮರೆಗೆ ಚೂರೇ ಚೂರು ನೀಲಿ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ ಗುರುತಿನ ತನಕ ತಿರುಗಿಸಿ. ಅದು ವಾಷರ್‌ಗೆ ತಾಗಬಾರದು.

ವಾಷರ್ ಬಗ್ಗಿದ್ದರೆ ತಯಾರಕರಿಗೆ ಬರೆದು ಹೊಸದು ತರಿಸಿ. ಪೀಣ್ಯದಲ್ಲೂ ಮಾಡಿಕೊಡುವವರು ಸಿಗಬಹುದು. ಆದರೆ ಒಂದೇ ವಾಷರ್ ಅಂದರೆ ನಕ್ಕುಬಿಟ್ಟಾರು. ಆದರೂ ಹೋಗುವುದಾದರೆ ಅಳತೆಗೆ ಚೆನ್ನಾಗಿರುವ ವಾಷರ್ ಒಯ್ಯಿರಿ, ಬಗ್ಗಿದ್ದನ್ನಲ್ಲ.