ಭಯದ ಅಂಕ ಇಳಿಯಿತು, ತರಬೇತಿಯಿಂದಲೇ ಇಳಿಯಿತೆ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರ ಅಧ್ಯಾಪಿಕೆ. ಪರೀಕ್ಷಾಭಯವನ್ನು ಅಳೆಯುವ ಇಂಗ್ಲಿಷ್ ಪ್ರಶ್ನಾವಳಿಯೊಂದನ್ನು ನಾವೇ ಅನುವಾದಿಸಿ ಹತ್ತನೆಯ ತರಗತಿಯವರಿಗೆ ಕೊಟ್ಟೆವು. ಹೆಚ್ಚು ಅಂಕ ಬಂದ ಮಕ್ಕಳಿಗೆ ಆರು ವಾರ ಉಸಿರಾಟದ ಅಭ್ಯಾಸ ಹಾಗೂ ಆಪ್ತಸಮಾಲೋಚನೆ ನಡೆಸಿದಾಗ ಅವರ ಅಂಕ ಸಾಕಷ್ಟು ಇಳಿಯಿತು. ಉಪಜಿಲ್ಲೆಯ ಇತರ ಶಾಲೆಗಳಿಗೂ ಇದನ್ನು ವಿಸ್ತರಿಸಬಹುದೆ?

ಉತ್ತರ: ವಿಸ್ತರಿಸುವ ಮೊದಲು ಪರೀಕ್ಷಿಸಬೇಕು. ಅತಿ ಹೆಚ್ಚು ಅಂಕ ಬಂದವರನ್ನೇ ಆರಿಸಿದ್ದೀರಿ. ಅವರಲ್ಲಿ ಕೆಲವರು ನಿಜವಾಗಿಯೂ ಭಯಪಡುವವರಾದರೆ, ಇನ್ನು ಕೆಲವರು ಆ ದಿನ ನಿದ್ದೆಗೆಟ್ಟೋ ಗಣಿತದ ಕಿರುಪರೀಕ್ಷೆಯಲ್ಲಿ ಸೋತೋ ಕುಗ್ಗಿದ್ದವರು. ಅಂಥವರು ಏನೂ ಮಾಡದಿದ್ದರೂ ಮುಂದಿನ ಸಲ ತಮ್ಮ ಸಹಜ ಮಟ್ಟಕ್ಕೆ ಮರಳುತ್ತಾರೆ. ಜ್ವರ ಏರಿದಾಗ ಕುಡಿದ ಕಷಾಯಕ್ಕೆ ಜ್ವರ ಇಳಿಸಿದ ಕೀರ್ತಿ ಸಲ್ಲುವುದೂ ಹೀಗೆಯೇ. ಇದರ ಮೇಲೆ, ಅಕ್ಕರೆಯಿಂದ ಕಲಿಸಿದ ಟೀಚರೇ ಮತ್ತೆ ಪ್ರಶ್ನಾವಳಿ ಹಂಚಿದರೆ ಅವರಿಗೆ ಬೇಸರವಾಗಬಾರದೆಂದು ಮಕ್ಕಳು ಬರೆಯುವ ಉತ್ತರವೂ ಸೇರಿಕೊಳ್ಳುತ್ತದೆ.

ಆದ್ದರಿಂದ ಹೋಲಿಕೆಗೊಂದು ಗುಂಪು ಬೇಕು. ಯಾರಿಗೂ ತರಬೇತಿ ತಪ್ಪದಂತೆ ಇದನ್ನು ಮಾಡಲು ಸಾಧ್ಯವಿದೆ: ಒಪ್ಪಿದ ಶಾಲೆಗಳ ಹೆಸರನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ, ಮೊದಲ ಪಾಲಿಗೆ ಓಣಂ ಪರೀಕ್ಷೆಯ ನಂತರ ತರಬೇತಿ ಕೊಟ್ಟು, ಕ್ರಿಸ್ಮಸ್ ಪರೀಕ್ಷೆಗೆ ಮುನ್ನ ಎರಡೂ ಪಾಲಿನ ಮಕ್ಕಳನ್ನು ಒಂದೇ ವಾರದಲ್ಲಿ, ತರಬೇತಿ ನೀಡದ ಬೇರೊಬ್ಬರಿಂದ ಅಳೆಯಿಸಿ, ಉಳಿದ ಪಾಲಿಗೆ ಮಾರ್ಚ್‌ನ ಎಸ್‌ಎಸ್‌ಎಲ್‌ಸಿಗೆ ಮುಂಚೆ ಅದೇ ತರಬೇತಿಯನ್ನು ಕೊಡಬಹುದು. ಒಂದೇ ತರಗತಿಯ ಮಕ್ಕಳನ್ನು ಎರಡಾಗಿ ಒಡೆಯಬೇಡಿ. ಕಲಿತದ್ದನ್ನು ಅವರು ಸಂಜೆಯ ಬಸ್ಸಿನಲ್ಲೇ ಹಂಚಿಕೊಳ್ಳುತ್ತಾರೆ. ಎರಡೇ ಶಾಲೆಗಳಾದರೂ ಸಾಲದು. ಆಗ ಕಾಣುವ ವ್ಯತ್ಯಾಸ ತರಬೇತಿಯದೋ ಶಾಲೆಯದೋ ತಿಳಿಯದು.

ಯಾರು ನಡೆಸುತ್ತಾರೆ ಎಂಬುದೂ ಕಾರ್ಯಕ್ರಮದ ಅಂಗವೇ. ಬಿಹಾರದ ನಾಲಂದಾ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ 'ಸೆಹೆರ್' ಅಧ್ಯಯನದಲ್ಲಿ, ವೃತ್ತಿಪರ ತಜ್ಞರಲ್ಲದಿದ್ದರೂ ತರಬೇತಿ ಪಡೆದ ಸಮಾಲೋಚಕರು ನಡೆಸಿದ ಕಾರ್ಯಕ್ರಮದಿಂದ ಶಾಲೆಯ ವಾತಾವರಣ ಸುಧಾರಿಸಿ ಖಿನ್ನತೆಯ ಲಕ್ಷಣಗಳು ತಗ್ಗಿದವು. ಅದನ್ನೇ ಶಿಕ್ಷಕರು ನಡೆಸಿದಾಗ ಅಂಥ ಫಲ ಕಾಣಲಿಲ್ಲ. ಇದು ಶಿಕ್ಷಕರ ಮೇಲಿನ ದೂರಲ್ಲ. ಪಾಠದ ಹೊರೆ ಹೊತ್ತವರ ಹೆಗಲಿಗೇ ಇದನ್ನೂ ಹೇರುವ ಮುನ್ನ ಯೋಚಿಸಬೇಕೆಂದಷ್ಟೇ ನನ್ನ ಅಭಿಪ್ರಾಯ.

ಪ್ರಶ್ನಾವಳಿಯ ಮಟ್ಟಿಗೆ, ಮನೆಯಲ್ಲಿ ತುಳು, ಮಲಯಾಳ, ಮರಾಠಿ ಆಡುವ ಕೆಲವು ಮಕ್ಕಳಿಂದ ಪ್ರತಿ ವಾಕ್ಯವನ್ನು ಓದಿಸಿ, ತಿಳಿದದ್ದನ್ನು ಅವರ ಮಾತಿನಲ್ಲೇ ಹೇಳಿಸಿ, ತಪ್ಪು ತಿಳಿದಲ್ಲಿ ತಿದ್ದಿ. ಪೋಷಕರ ಒಪ್ಪಿಗೆಯೂ ಬೇಕು. ಸಾಯುವ ಮಾತನ್ನಾಡಿದ ಮಗುವನ್ನು ಮಾತ್ರ ಯಾವ ಚೀಟಿಗೂ ಕಾಯಿಸದೆ, ಪೋಷಕರಿಗೆ ತಿಳಿಸಿ ಅಂದೇ ವೈದ್ಯರ ಬಳಿಗೆ ಕಳುಹಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೂ ಕರೆ ಮಾಡಬಹುದು.